ಹುಳದ ಮನೆಗೆ ಕಾವು ಕೊಟ್ಟ ಕತೆ

ಹೋದ ವಾರ ನಮ್ಮಣ್ಣನ ಸೊಸೆ ಫೋನ್ ಮಾಡಿದ್ದಳು. "ಅತ್ತೆ, ಹೊಸ ಹುಳದ ಮನೆ ಕಟ್ಟಿಸಿದ್ದೀವಿ, ಮಾರ್ಗಶಿರದಲ್ಲಿ ಮೊದಲ ಬೆಳೆ ಇಳಿಸ್ಬೇಕು ಅಂತ. ರಾತ್ರಿ ಹೊತ್ತು ಒಳಗೆ ಕಾಲಿಟ್ರೆ ಬಾವಿಗೆ ಇಳಿದ ಹಾಗೆ ಚಳಿ. ಇವರು ಎರಡು ಹೀಟರ್ ತರ್ತೀನಿ ಅಂತಾರೆ, ಮಾವ ಇದ್ದಲು ಸಾಕು ಅಂತಾರೆ. ಯಾವುದು ಕಮ್ಮಿ ಖರ್ಚು?" ಅಂದಳು. ಫೋನಲ್ಲಿ ಎರಡು ಮಾತು ಹೇಳಿ ಇಟ್ಟೆ. ಆಮೇಲೆ ಮನಸ್ಸು ತಡೀಲಿಲ್ಲ. ಮೂವತ್ತೈದು ವರ್ಷ ಹುಳ ಮೇಯ್ಸಿದವಳು ನಾನು. ಅವಳು ಕೇಳಿದ್ದು ಒಂದು ಮಾತಲ್ಲಿ ಮುಗಿಯೋ ಪ್ರಶ್ನೆ ಅಲ್ಲ. ಅದಕ್ಕೆ ಇಲ್ಲಿ ಕೂತು ಬರೀತಿದ್ದೀನಿ. ಹುಳ ಸಾಕದೆ ಇರೋ ಅಕ್ಕತಂಗೀರೂ ಓದಿ, ನೀವು ಉಡೋ ರೇಷ್ಮೆ ಸೀರೆ ಹಿಂದೆ ಎಷ್ಟು ಒಲೆ ಉರಿದಿದೆ ಅಂತ ಗೊತ್ತಾಗ್ಲಿ.

ಮೊದಲು ಹುಳಕ್ಕೆ ಯಾಕೆ ಕಾವು ಬೇಕು ಅಂತ ಹೇಳ್ಬೇಕು. ನಮಗಾದ್ರೆ ಒಳಗೆ ಬಿಸಿ ರಕ್ತ ಇದೆ, ಕಂಬಳಿ ಹೊದ್ದರೆ ಸಾಕು. ಹುಳಕ್ಕೆ ಸ್ವಂತ ಕಾವಿಲ್ಲ, ಮನೆ ಎಷ್ಟು ಬೆಚ್ಚಗಿದೆಯೋ ಅದರ ಮೈಯೂ ಅಷ್ಟೇ. ಮೊಟ್ಟೆಯಿಂದ ಆಗತಾನೆ ಬಂದ ಮರಿಗೆ 27–28 ಡಿಗ್ರಿ ಬೇಕು, ಗಾಳೀಲಿ ತೇವ ನೂರಕ್ಕೆ 85ರಿಂದ 90. ಒಂದೊಂದು ಜ್ವರ ಎದ್ದ ಹಾಗೂ ಒಂದೊಂದು ಡಿಗ್ರಿ ಕಮ್ಮಿ ಮಾಡ್ತಾ ಬಂದು, ಕೊನೆಗೆ ದೊಡ್ಡ ಹುಳಕ್ಕೆ 24 ಡಿಗ್ರಿ, ತೇವ 65–70 ಇದ್ದರೆ ಸಾಕು. (ಜ್ವರ ಅಂದ್ರೆ ಕಾಯಿಲೆ ಅಲ್ಲ ಕಣ್ರೀ. ಹುಳ ತಿನ್ನೋದು ಬಿಟ್ಟು, ತಲೆ ಎತ್ತಿ ಕೂತು ಚರ್ಮ ಕಳಚೋದಕ್ಕೆ ನಮ್ಮ ಕಡೆ ಜ್ವರ ಅಂತೀವಿ. ಅಂಥವು ನಾಲ್ಕು.) ನಮ್ಮ ಬಯಲುಸೀಮೇಲಿ ಡಿಸೆಂಬರ್, ಜನವರಿ ರಾತ್ರಿ 14–15 ಡಿಗ್ರಿಗೆ ಇಳಿಯುತ್ತೆ. ಆ ಚಳೀಲಿ ಹುಳ ತಕ್ಷಣ ಸಾಯಲ್ಲ, ಆದರೆ ಸೊಪ್ಪು ಮೂಸಿ ನೋಡಿ ಸುಮ್ಮನೆ ಬಿದ್ದಿರುತ್ತೆ. ಇಪ್ಪತ್ತೈದು ದಿನಕ್ಕೆ ಹಣ್ಣಾಗೋದು ಮೂವತ್ತು ದಾಟುತ್ತೆ. ಅಷ್ಟು ದಿನ ಸೊಪ್ಪು, ಅಷ್ಟು ದಿನ ಕೂಲಿ, ಮನೆಯವರ ನಿದ್ದೆ ಬೇರೆ. ಕೆಲವು ಮುಂದೆ ಕೆಲವು ಹಿಂದೆ ಆಗಿ ತಟ್ಟೆ ತಟ್ಟೆಯೂ ಕಲಬೆರಕೆ. ಕಾವಿಗೆ ದುಡ್ಡು ಸುರೀದೆ ಇದ್ರೂ ಖರ್ಚೇ ಅನ್ನೋದು ಇದಕ್ಕೇ.

ಈ ಕಷ್ಟ ನಮ್ಮದೊಂದೇ ಅಲ್ಲ. ನಮ್ಮ ಮೈಸೂರು ಸೀಮೇಲಿ ವರ್ಷಕ್ಕೆ ಐದಾರು ಬೆಳೆ, ಚಳಿಗೆ ಸಿಗೋದು ಒಂದೋ ಎರಡೋ. ಇಟಲಿ, ಫ್ರಾನ್ಸ್ ಕಡೆ ಹಿಂದೆ ವರ್ಷಕ್ಕೆ ಒಂದೇ ಬೆಳೆ. ಹಿಮ ಕರಗಿ ಹಿಪ್ಪುನೇರಳೆ ಚಿಗುರಿದ ಮೇಲೆ, ಅಂದ್ರೆ ಏಪ್ರಿಲ್ ಕೊನೆ ಹೊತ್ತಿಗೆ, ಇನ್ನೂ ಚಳಿ ಇರುವಾಗಲೇ ಮೊಟ್ಟೆ ಒಡೆಸ್ಬೇಕು. ಚಳಿಗಾಲ ಪೂರ್ತಿ ಮಲಗಿದ್ದ ಮೊಟ್ಟೆ ಅದು, ಕಾವು ಕೊಡದೆ ಏಳಲ್ಲ. ಏನು ಮಾಡ್ತಿದ್ರು ಗೊತ್ತಾ ಆ ಹೆಂಗಸರು? ಮೊಟ್ಟೇನ ಸಣ್ಣ ಬಟ್ಟೆ ಗಂಟಲ್ಲಿ ಕಟ್ಟಿ ಹಗಲೆಲ್ಲ ಎದೆ ಹತ್ತಿರ, ಕುಪ್ಪಸದೊಳಗೆ ಇಟ್ಕೊಂಡು ಓಡಾಡ್ತಿದ್ರು. ರಾತ್ರಿ ಹಾಸಿಗೇಲಿ ಪಕ್ಕಕ್ಕೆ ಇಟ್ಕೊಂಡು ಮಲಗ್ತಿದ್ರು. ಮನೆಕೆಲಸ, ಮಕ್ಕಳು, ಅಡುಗೆ ಎಲ್ಲ ಮಾಡ್ತಾ ಹತ್ತು ಹನ್ನೆರಡು ದಿನ ಕಾಳಿನಂಥ ಮೊಟ್ಟೆಗೆ ತಮ್ಮ ಮೈ ಕಾವೇ ಕೊಡ್ತಿದ್ರು. ಮಗಳು ಎಲ್ಲೋ ಓದಿ ಇದನ್ನ ಹೇಳಿದಾಗ ನನಗೆ ಮೈ ಜುಂ ಅಂತು. ಒಂದು ಕಡ್ಡಿ ಸೌದೆ ಖರ್ಚಿಲ್ಲ ನೋಡಿ! ಲೆಕ್ಕದ ಪುಸ್ತಕದಲ್ಲಿ ಇದನ್ನ ಯಾವ ಗಂಡಸೂ ಬರೆದಿರಲಿಕ್ಕಿಲ್ಲ.

ಮರಿ ಒಡೆದ ಮೇಲೆ ಎದೆ ಕಾವು ಸಾಲಲ್ಲ, ಒಲೆ ಬೇಕೇ ಬೇಕು. ದಕ್ಷಿಣ ಫ್ರಾನ್ಸಿನ ಸೆವೆನ್ ಬೆಟ್ಟದ ಸೀಮೇಲಿ ಹುಳದ ಮನೆಗೆ ಅಂತಲೇ ಕಲ್ಲಿನ ಎತ್ತರದ ಮನೆ ಕಟ್ಟಿ, ಮೂಲೆ ಮೂಲೇಲಿ ಬೆಂಕಿ ಗೂಡು ಇಡ್ತಿದ್ರು. ಎಷ್ಟು ಕಾವು ಅನ್ನೋದು ಮಾತ್ರ ಕೈ ಅಂದಾಜು, ಮೈ ಅಂದಾಜು. ಇಟಲಿಯ ಲೊಂಬಾರ್ಡಿ ಸೀಮೇಲಿ ವಿನ್ಸೆಂಜೋ ದಾಂಡೋಲೋ ಅಂತ ಒಬ್ಬ ರಸಾಯನಶಾಸ್ತ್ರ ಬಲ್ಲ ಸಾಹುಕಾರ ಇದ್ದ. 1815ರಲ್ಲಿ ಹುಳ ಸಾಕೋದರ ಮೇಲೆ ಒಂದು ಪುಸ್ತಕ ಬರೆದ. ಹುಳದ ಮನೇಲಿ ತಾಪಮಾಪಕ ನೇತುಹಾಕಿ, ಒಲೆ ಬೇರೆ, ಗಾಳಿ ಓಡಿಸೋ ಬೆಂಕಿ ಗೂಡು ಬೇರೆ ಮಾಡಿ, ಮೇಲೆ ಕೆಳಗೆ ಕಿಂಡಿ ಬಿಡಿಸಿದವನು ಅವನು. ಮರಿಗೆ ಅವರ ಲೆಕ್ಕದ 19 ಡಿಗ್ರಿ, ಅಂದ್ರೆ ನಮ್ಮ ಸುಮಾರು 24. ಆಮೇಲೆ ವಯಸ್ಸಿಗೆ ತಕ್ಕ ಹಾಗೆ ಇಳಿಸ್ತಾ ಬಂದು ಕೊನೆಗೆ ನಮ್ಮ 20 ಡಿಗ್ರಿ. ದೊಡ್ಡ ಹುಳಕ್ಕೂ ಮರಿಗೆ ಕೊಟ್ಟಷ್ಟೇ ಕಾವು ಕೊಟ್ಟು ಸೌದೆ ಸುಡೋದು ದಂಡ, ಹುಳಕ್ಕೂ ಒಳ್ಳೇದಲ್ಲ ಅಂತ ಲೆಕ್ಕ ಹಾಕಿ ತೋರಿಸಿದ. ಅವನ ಮಾದರಿ ಹುಳದ ಮನೆಗೆ ಜನ ಅವನ ಹೆಸರೇ ಇಟ್ಟರು.

ಜಪಾನಿನ ಕತೆ ಇನ್ನೂ ಚೆನ್ನಾಗಿದೆ. ಫುಕುಷಿಮಾ ಕಡೆ ನಕಮುರಾ ಝೆನ್‌ಎಮೊನ್ ಅನ್ನೋನು ಡಚ್ಚರ ತಾಪಮಾಪಕ ನೋಡಿ, ಹುಳದ ಮನೆಗೆ ಅಂತಲೇ ಒಂದು ಗಾಜಿನ ಕೊಳವೆ ತಾನೇ ತಯಾರು ಮಾಡಿದ. 1849ರಲ್ಲಿ ಅದನ್ನ ಬಳಸೋದು ಹೇಗೆ ಅಂತ ಪುಸ್ತಕವನ್ನೂ ಅಚ್ಚು ಹಾಕಿಸಿದ. ಅವನ ಕಡೆಯವರು ಬೆಂಕಿ ಇಟ್ಟು ಬೆಚ್ಚಗೆ ಸಾಕಿ ಬೇಗ ಬೆಳೆ ತೆಗೆಯೋ ಪೈಕಿ. ಗುಮ್ಮಾ ಸೀಮೆಯ ತಾಜಿಮಾ ಯಾಹೇಯಿ ಇದಕ್ಕೆ ತದ್ವಿರುದ್ಧ, ಬೆಂಕಿ ಬೇಡ, ಗಾಳಿ ಆಡ್ಲಿ ಅಂತ 1863ರಲ್ಲಿ ಸೂರಿನ ಮೇಲೆ ಗಾಳಿ ಗೋಪುರ ಇಟ್ಟು ಮನೆ ಕಟ್ಟಿದ. ಕೊನೆಗೆ ತಕಯಾಮಾ ಚೋಗೊರೋ ಅನ್ನೋನು ಎರಡನ್ನೂ ಸೇರಿಸಿದ. ಚಳಿ ಇದ್ದ ದಿನ ಬೆಂಕಿ, ಸೆಕೆ ಇದ್ದ ದಿನ ಗಾಳಿ, ದಿನ ನೋಡಿ ಮನೆ ನಡೆಸೋದು. ಅವನ ಪದ್ಧತಿ ಕಲಿಸೋಕೆ 1884ರಲ್ಲಿ ಒಂದು ಶಾಲೆಯೇ ಆಯ್ತು. ಆ ಎರಡು ಮನೆಗಳೂ ತೊಮಿಯೋಕಾ ನೂಲಿನ ಕಾರ್ಖಾನೆ ಜೊತೆ 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ನಮಗೆ ಹುಳದ ಮನೆ ಅಂದ್ರೆ ಸೊಪ್ಪಿನ ವಾಸನೆ, ಹಿಕ್ಕೆ ಬಾಚೋ ಕೆಲಸ. ಅವರಿಗೆ ಅದು ಪ್ರಪಂಚವೇ ಬಂದು ನೋಡೋ ಜಾಗ!

ಈಗ ನಮ್ಮೂರಿಗೆ ಬರೋಣ. ನಮ್ಮ ಸೀಮೆಗೆ ಹುಳ ತರಿಸಿದ್ದು ಟಿಪ್ಪು ಸುಲ್ತಾನ. ಬಂಗಾಳಕ್ಕೆ ಹುಳ ತರೋಕೆ ಹೋದವರು ವಾಪಸು ಬರ್ತಿದ್ದಾರೆ ಅಂತ 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಸಿದ ಪತ್ರ ಇದೆ. ಆಮೇಲೆ ಇಲ್ಲಿನ ಹವಕ್ಕೆ ಒಗ್ಗಿ ನಿಂತದ್ದು ನಮ್ಮ ಮೈಸೂರು ತಳಿ. ಹಸಿರು ಹಳದಿ ಬಣ್ಣದ ಪುಟ್ಟ ಗೂಡು, ಎಳೆ ಕಮ್ಮಿ, ಆದರೆ ಗಟ್ಟಿ ಪಿಂಡ. ಅದನ್ನ ಸಾಕಿದ್ದು ಮಣ್ಣಿನ ಗೋಡೆ, ಹುಲ್ಲು ಸೂರಿನ ಮನೇಲಿ, ಅದೂ ಜನ ಅಡುಗೆ ಮಾಡಿ ಮಲಗೋ ಮನೇಲೇ. ಬೇರೆ ಒಲೆ ಯಾಕೆ ಬೇಕಿತ್ತು? ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಹಗಲಿನ ಬಿಸಿಲನ್ನ ರಾತ್ರಿಗೆ ಎತ್ತಿಡ್ತಿತ್ತು. ಅಡುಗೆ ಒಲೆ, ದನದ ಕೊಟ್ಟಿಗೆ, ಮಲಗಿದ ಹತ್ತು ಜನದ ಉಸಿರು ಎಲ್ಲ ಸೇರಿ ಹುಳಕ್ಕೆ ಬೇಕಾದ ಕಾವಾಗ್ತಿತ್ತು.

ಯೂರೋಪಿನಲ್ಲಿ ಗಂಟುರೋಗ ಬಂದು ಹುಳವೆಲ್ಲ ನಾಶ ಆದಾಗ ಒಳ್ಳೆ ಮೊಟ್ಟೆ ಹುಡುಕ್ಕೊಂಡು ಅಲ್ಲಿನ ವ್ಯಾಪಾರಿಗಳು ಲೋಕ ಸುತ್ತಿದ್ರು. ಆ 1860ರ ದಶಕದಲ್ಲೇ ದ ವೆಕ್ಕಿ ಅನ್ನೋ ಇಟಲಿಯವನು ಬೆಂಗಳೂರಿಗೆ ಬಂದು, ಜಪಾನಿನ ಮೊಟ್ಟೆ ತರಿಸಿ, ಕೆಂಗೇರೀಲಿ ಉಗಿಯಿಂದ ನೂಲು ತೆಗೆಯೋ ಕಾರ್ಖಾನೆ ಇಟ್ಟಿದ್ದ. ಆ ತಳಿ ನಿಲ್ಲಲಿಲ್ಲ. ಆಮೇಲೆ ಜೆಮ್‌ಷೆಟ್‌ಜಿ ಟಾಟಾ ಬೆಂಗಳೂರಲ್ಲಿ ರೇಷ್ಮೆ ತೋಟ ಮಾಡಿ ಜಪಾನಿನ ತಜ್ಞರನ್ನ ಕರೆಸಿದ್ರು. ಮೈಸೂರು ಹುಳಕ್ಕೆ ಹೊರಗಿನ ತಳಿ ಸೇರಿಸಿ ಮಿಶ್ರತಳಿ ಬಂತು, 1990ರ ದಶಕದಲ್ಲಿ ಬಿಳಿ ಗೂಡಿನ ದ್ವಿತಳಿ ಊರೂರಿಗೆ ಬಂತು. ಎಳೆ ಮೈಸೂರು ಹುಳದ ಎರಡರಷ್ಟಕ್ಕಿಂತ ಹೆಚ್ಚು ಉದ್ದ, ಬೆಲೆಯೂ ಹೆಚ್ಚು. ಆದರೆ ಪೇಟೆ ಮಗು ಇದ್ದ ಹಾಗೆ, ಶೀತ ತಡೆಯಲ್ಲ, ಸೆಕೆ ತಡೆಯಲ್ಲ. ಅದೇ ಕಾಲಕ್ಕೆ ನಾವು ಮಣ್ಣಿನ ಮನೆ ಕೆಡವಿ ಸಿಮೆಂಟ್ ಇಟ್ಟಿಗೆ, ಶೀಟಿನ ಸೂರು ಹಾಕಿಸಿದ್ವಿ. ಹುಳ ನಾಜೂಕಾಯ್ತು, ಗೋಡೆ ತೆಳ್ಳಗಾಯ್ತು. ಕಾವಿನ ಖರ್ಚು ಶುರುವಾಗಿದ್ದೇ ಅಲ್ಲಿ ಅಂತ ನಾನು ಹೇಳ್ತೀನಿ.

ನಾನು 1988ರಲ್ಲಿ ಮದುವೆಯಾಗಿ ಈ ಮನೆಗೆ ಬಂದೆ. ಪಿಯುಸಿ ಮುಗಿಸಿದ್ದೆ, ಹುಳ ಮುಟ್ಟಿದವಳಲ್ಲ. ತವರಲ್ಲಿ ರಾಗಿ, ಕಡಲೇಕಾಯಿ ಅಷ್ಟೇ. ಆ ವರ್ಷ ಪುಷ್ಯದಲ್ಲಿ ನೂರು ಮೊಟ್ಟೆ ಇಳಿಸಿದ್ರು. ನಮ್ಮ ಕಡೆ ಒಂದು ಮೊಟ್ಟೆ ಅಂದ್ರೆ ಒಂದು ಚಿಟ್ಟೆ ಇಟ್ಟದ್ದಷ್ಟೂ, ನಾನೂರು ಐನೂರು ಮರಿ. ಆ ಬೆಳೆ ದುಡ್ಡಲ್ಲಿ ಮಾಘಮಾಸಕ್ಕೆ ನಾದಿನಿ ಮದುವೆ ಅಂತ ಮಾತಾಗಿತ್ತು. ಹುಳದ ಮನೆ ಸಣ್ಣದು, ಶೀಟಿನ ಸೂರು. ಕಿಟಕಿಗೆಲ್ಲ ಪ್ಲಾಸ್ಟಿಕ್ ಹೊಡೆದು, ಬಾಗಿಲಿಗೆ ಗೋಣಿ ಕಟ್ಟಿ, ನಡುವೆ ಎರಡು ಕುಂಪಟಿ ತುಂಬ ಇದ್ದಲು ಕೆಂಡ. ಅತ್ತೆ ಅಲ್ಲೇ ಮಲಗೋರು, ರಾತ್ರಿ ಹತ್ತಕ್ಕೆ ಒಂದು ಸಲ, ಬೆಳಗಿನ ಜಾವ ನಾಲ್ಕಕ್ಕೆ ಒಂದು ಸಲ ಸೊಪ್ಪು ಹಾಕ್ಬೇಕಲ್ಲ. ಎರಡನೇ ಜ್ವರ ಎದ್ದ ದಿನ ನಾಲ್ಕು ಗಂಟೆಗೆ ನಾನು ಸೊಪ್ಪು ಕತ್ತರಿಸಿ ತಗೊಂಡು ಹೋದೆ. ಕರೆದ್ರೆ ಓ ಅನ್ನಲಿಲ್ಲ. ದೀಪ ಹಿಡಿದು ನೋಡಿದ್ರೆ ಮುಖ ಕೆಂಪಗೆ, ಬಾಯಲ್ಲಿ ಏನೋ ತೊದಲು, ಪಕ್ಕದಲ್ಲಿ ವಾಂತಿ. ನಾನೂ ಮಾವನೂ ಸೇರಿ ಅಂಗಳಕ್ಕೆ ಎಳೆದು ಹಾಕಿದ್ವಿ. ತಣ್ಣನೆ ಗಾಳಿಗೆ ಅರ್ಧ ಗಂಟೇಲಿ ಕಣ್ಣು ಬಿಟ್ರು, ಎರಡು ದಿನ ತಲೆ ಎತ್ತಲಿಲ್ಲ.

ಊರವರು ಗಾಳಿ ಸೋಕಿದೆ ಅಂದ್ರು, ನಿಂಬೆಹಣ್ಣು ನಿವಾಳಿಸಿದ್ದೂ ಆಯ್ತು. ಹೊಸ ಸೊಸೆ ಮೈಲಿಗೇಲಿ ಹುಳದ ಮನೆ ತುಳಿದಳೇನೋ ಅಂತ ಒಬ್ಬರು ನನ್ನ ಕಡೆ ನೋಡಿದ್ದೂ ನನಗೆ ಇವತ್ತಿಗೂ ನೆನಪಿದೆ. ಮೂರನೇ ದಿನ ರೇಷ್ಮೆ ಇಲಾಖೆ ಡೆಮಾನ್‌ಸ್ಟ್ರೇಟರ್ ಬಂದು ನೋಡಿ ಬೈದ್ರು. ಮುಚ್ಚಿದ ಮನೇಲಿ ಇದ್ದಲು ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ಗಾಳಿ ತುಂಬುತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಹೊಗೆ ಕಾಣ್ಲಿಲ್ಲ ಅಂತ ಮೋಸ ಹೋಗ್ತೀರ, ಇನ್ನೊಂದು ಗಂಟೆ ಬಿಟ್ಟಿದ್ರೆ ಅಮ್ಮ ಉಳೀತಿರಲಿಲ್ಲ ಅಂದ್ರು. ಪಿಯುಸೀಲಿ ಓದಿದ್ದೆ ಕಣ್ರೀ ಅದನ್ನ! ಪರೀಕ್ಷೆಗೆ ಬರೆದಿದ್ದೆ. ಕುಂಪಟಿ ಮುಂದೆ ನಿಂತಾಗ ನೆನಪಿಗೆ ಬರಲಿಲ್ಲ.

ಹೆದರಿ ಬೆಂಕಿ ಪೂರ್ತಿ ಆರಿಸಿಬಿಟ್ವಿ. ಅದು ಎರಡನೇ ತಪ್ಪು. ಯಾಕಂದ್ರೆ ಬೆಂಕಿ ಇದ್ದಾಗ ಗಾಳಿ ಒಣಗುತ್ತೆ ಅಂತ ಸುತ್ತ ಒದ್ದೆ ಗೋಣಿ ಕಟ್ಟಿದ್ವಲ್ಲ, ಅದನ್ನ ಹಾಗೇ ಬಿಟ್ವಿ. ಬೆಂಕಿ ಇಲ್ಲ, ಒದ್ದೆ ಮಾತ್ರ ಇದೆ. ಚಳಿಯೂ ತೇವವೂ ಸೇರಿದ್ರೆ ಬರೋದೇ ಸುಣ್ಣಕಟ್ಟು. ನಾಲ್ಕನೇ ಜ್ವರ ಆದ ಮೇಲೆ ತಟ್ಟೇಲಿ ಹುಳ ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ ಸೆಟೆದು ಸಿಕ್ಕವು. ನೂರು ಮೊಟ್ಟೆಗೆ ಕೈಗೆ ಬಂದ ಗೂಡು 14 ಕೆ.ಜಿ. ನಾದಿನಿ ಮದುವೆ ವೈಶಾಖಕ್ಕೆ ಹೋಯ್ತು, ಅದೂ ಸಾಲ ಮಾಡಿ. ಅವಳು ಒಂದು ಮಾತು ಆಡಲಿಲ್ಲ. ಸತ್ತ ಹುಳ ಹೂಳೋಕೆ ಗುಂಡಿ ತೋಡಿದವಳು ಅವಳೇ.

ಮಾರನೇ ವರ್ಷದಿಂದ ನಾನು ಲೆಕ್ಕದ ಪುಸ್ತಕ ಇಟ್ಟೆ. ಮೊದಲು ಗೊತ್ತಾಗಿದ್ದು, ನಾವು ಸುಟ್ಟ ಇದ್ದಲಲ್ಲಿ ಹೆಚ್ಚಿನದು ಹುಳಕ್ಕಲ್ಲ, ಶೀಟಿಗೆ. ಬಿಸಿ ಗಾಳಿ ಮೇಲೆ ಹೋಗಿ ಶೀಟು ಮುಟ್ಟಿ ತಣ್ಣಗಾಗೋದು. ನಲವತ್ತು ಗೋಣಿಚೀಲ ಬಿಚ್ಚಿ ಹೊಲಿದು, ಬಿದಿರು ಗಳಕ್ಕೆ ಕಟ್ಟಿ, ಎಂಟಡಿ ಎತ್ತರಕ್ಕೆ ಒಳ ಚಾವಣಿ ಮಾಡಿ, ಅದರ ಮೇಲೆ ರಾಗಿಹುಲ್ಲು ಹರಡಿದ್ವಿ. ಹಿಂದಿನ ವರ್ಷ ಒಂಬತ್ತು ಮೂಟೆ ಇದ್ದಲು, ಆ ವರ್ಷ ಐದು. ದಾರ, ಬಿದಿರು ಬಿಟ್ರೆ ಖರ್ಚಿಲ್ಲ. ಒಂದು ಕೆ.ಜಿ. ಇದ್ದಲಿಗೆ ನಾಲ್ಕೈದು ಕೆ.ಜಿ. ಸೌದೆ ಗೂಡಲ್ಲಿ ಸುಟ್ಟಿರ್ತಾರೆ. ಹಾಗಾಗಿ ಉಳಿದದ್ದು ನಾಲ್ಕು ಮೂಟೆ ಮಾತ್ರ ಅಲ್ಲ, ಯಾವುದೋ ಗುಡ್ಡದ ಒಂದು ಗಾಡಿ ಸೌದೆ.

ಎರಡನೇದು ಜಾಗದ ಲೆಕ್ಕ. ನೂರು ಮೊಟ್ಟೆ ಮರಿ ಒಡೆದ ದಿನ ನಾಲ್ಕು ಚದರಡೀಲಿ ಕೂರುತ್ತೆ. ಎರಡನೇ ಜ್ವರದ ಹೊತ್ತಿಗೆ ನಲವತ್ತು, ಕೊನೆಗೆ ನಾನೂರು. ಹುಳ ಹುಟ್ಟಿದ್ದಕ್ಕಿಂತ ತೂಕದಲ್ಲಿ ಹತ್ತು ಸಾವಿರ ಪಟ್ಟು ಬೆಳೆಯೋ ಪ್ರಾಣಿ. ಹೆಚ್ಚು ಕಾವು ಬೇಕಾದಾಗ ಅದು ಕೂರೋದು ಒಂದು ಮಣೆಯಷ್ಟು ಜಾಗದಲ್ಲಿ, ನಾವು ಕಾಯಿಸ್ತಿದ್ದದ್ದು ಇಡೀ ಮನೆ! ಮರಿಗೆ ಮೂಲೇಲಿ ಬಟ್ಟೆ ಗುಡಾರದ ಹಾಗೆ ಮರೆ ಕಟ್ಟಿ, ತಟ್ಟೆ ಮೇಲೆ ಕೆಳಗೆ ಮೇಣದ ಕಾಗದ ಹಾಕಿ, ಅಂಚಿಗೆ ಒದ್ದೆ ಸ್ಪಂಜು ಇಟ್ರೆ ಸೊಪ್ಪು ಬಾಡಲ್ಲ, ತೇವವೂ ನಿಲ್ಲುತ್ತೆ. ತೇವದ ಮಾತು ಮರೀಬೇಡಿ. 15 ಡಿಗ್ರಿಯ ಗಾಳೀನ ನೀರಿಲ್ಲದೆ 27ಕ್ಕೆ ಕಾಯಿಸಿದ್ರೆ ಅದರ ತೇವ ಅರ್ಧಕ್ಕರ್ಧ ಇಳಿಯುತ್ತೆ, ಸೊಪ್ಪು ಹಪ್ಪಳ ಆಗುತ್ತೆ. ಕಾವಿನ ಪಕ್ಕ ನೀರಿನ ಪಾತ್ರೆ ಇರ್ಲೇಬೇಕು. ತೇವ ಕೊಡೋದು ಕಾವಿದ್ದಾಗ ಮಾತ್ರ, ಅದನ್ನ ನಾವು ನಾದಿನಿ ಮದುವೆ ದುಡ್ಡು ಕೊಟ್ಟು ಕಲಿತದ್ದು.

ಆಮೇಲೆ ಚಾಕಿ ಕೇಂದ್ರಗಳು ಬಂದ್ವು. ಹತ್ತಾರು ರೈತರ ಮರೀನ ಒಂದೇ ಕಡೆ, ಒಂದೇ ಕಾವಲ್ಲಿ ಎರಡನೇ ಜ್ವರದ ತನಕ ಸಾಕಿ ಕೊಡ್ತಾರೆ. ದುಡ್ಡು ಕೊಟ್ಟು ಮರಿ ತರೋದು ಏನು ಸೋಮಾರಿತನ ಅಂತ ಅತ್ತೆ ಗೊಣಗಿದ್ರು. ನಾನು ಪುಸ್ತಕ ತೋರಿಸ್ದೆ. ಹೆಚ್ಚು ಕಾವಿನ ಎಂಟು ಹತ್ತು ದಿನ ನಮ್ಮ ಮನೆಯಿಂದ ಹೊರಗೆ ಹೋಯ್ತು, ರಾತ್ರಿ ನಿದ್ದೆ ವಾಪಸು ಬಂತು. ಯಾರ ಎದೆ ಹತ್ತಿರವೂ ಗಂಟು ಕಟ್ಟೋದು ಬೇಡ.

ದೊಡ್ಡ ಹುಳಕ್ಕೆ ನಮ್ಮನೆಯವರು ಒಂದು ಉಪಾಯ ಮಾಡಿದ್ರು. ಹಳೇ ಟಾರು ಡ್ರಮ್ಮಲ್ಲಿ ಒಲೆ ಮಾಡಿಸಿ ಗೋಡೆ ಹೊರಗೆ ಇಟ್ಟು, ಅದರ ಹೊಗೆ ಕೊಳವೇನ ಹುಳದ ಮನೆ ಒಳಗೆ ಮಂಡಿ ಎತ್ತರಕ್ಕೆ ಉದ್ದಕ್ಕೂ ಹಾಯಿಸಿ, ಆಚೆ ಗೋಡೆಯಿಂದ ಮೇಲಕ್ಕೆ ಬಿಟ್ರು. ಬೆಂಕಿ ಹೊರಗೆ, ಹೊಗೆ ಹೊರಗೆ, ಬಿಸಿ ಕೊಳವೆ ಮಾತ್ರ ಒಳಗೆ. ವೆಲ್ಡಿಂಗ್ ಅಂಗಡಿಯವನಿಗೆ ಸಂದು ಬಿಡದ ಹಾಗೆ ಬೆಸುಗೆ ಹಾಕು ಅಂತ ನಾನೇ ನಿಂತು ಹೇಳಿಸಿದ್ದೆ. ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಒಣಗಿಸಿ ಇಟ್ರೆ ಅದೇ ಸೌದೆ. ಆ ವರ್ಷದಿಂದ ಇದ್ದಲಿನ ಕಾಲಂ ನನ್ನ ಪುಸ್ತಕದಲ್ಲಿ ಖಾಲಿ. ನೂಲು ತೆಗೆಯೋರ ಕಡೆಯೂ ಇಂಥ ಪ್ರಯತ್ನ ಆಗಿದೆ, 1990ರ ದಶಕದಲ್ಲಿ ಟೆರಿ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ನೆರವಿಂದ ಸೌದೇನ ಗ್ಯಾಸ್ ಮಾಡಿ ಉರಿಸೋ ಒಲೆ ಮಾಡಿದ್ರು. ಅದು ಬೇರೆ ಕತೆ.

ಇನ್ನು ಹೀಟರ್. ನನಗೆ ಹೀಟರ್ ಮೇಲೆ ಕೋಪ ಇಲ್ಲ. ವಿಷಗಾಳಿ ಇಲ್ಲ, ಬೂದಿ ಇಲ್ಲ, ಕಾವು ತಾನೇ ನೋಡ್ಕೊಂಡು ಆರುತ್ತೆ. ಆದರೆ 2 ಕಿಲೋವಾಟ್ ಹೀಟರ್ ಹತ್ತು ಗಂಟೆ ಬಿಡದೆ ಉರಿದ್ರೆ ರಾತ್ರಿಗೆ 20 ಯೂನಿಟ್. ಹದಿನೈದು ರಾತ್ರಿಗೆ 300. ಗೋಣಿ ಚಾವಣಿ ಕಟ್ಟಿದ ಮನೇಲಿ ಅದು ಅರ್ಧ ಹೊತ್ತು ತಾನೇ ಆರಿರುತ್ತೆ, 150ಕ್ಕೆ ನಿಲ್ಲುತ್ತೆ. ಶೀಟಿನ ಕೆಳಗೆ ಸುಮ್ಮನೆ ಇಟ್ರೆ ಎರಡಲ್ಲ, ನಾಲ್ಕು ತಂದ್ರೂ ಸಾಲಲ್ಲ. ರಾತ್ರಿ ಕರೆಂಟು ಹೋದ್ರೆ ಏನು ಅನ್ನೋದಕ್ಕೂ ಉತ್ತರ ಇರ್ಬೇಕು.

ಆದ್ದರಿಂದ ಕಣಮ್ಮ, ಮೊದಲು ಚಾವಣಿ. ಆಮೇಲೆ ಒಂದೇ ಹೀಟರ್, ಎರಡು ಬೇಡ. ಮಾವ ಇದ್ದಲು ಅಂದ್ರೆ ಈ ಬರಹ ಓದಿ ಹೇಳು, ಅವರ ಅಕ್ಕಪಕ್ಕದವರಿಗೂ ಕೇಳೋ ಹಾಗೆ ಜೋರಾಗಿ ಓದು. ಗೋಡೆ ಕೆಳಗೊಂದು ಮೇಲೊಂದು ಕೈ ಅಗಲ ಕಿಂಡಿ ಯಾವಾಗ್ಲೂ ತೆಗೆದಿರಲಿ, ಚಳಿ ಅಂತ ಮುಚ್ಚಬೇಡ. ತಾಪಮಾಪಕ ಬಾಗಿಲ ಹತ್ತಿರ ಅಲ್ಲ, ತಟ್ಟೆ ಇರೋ ಎತ್ತರದಲ್ಲಿ, ನಡುವೆ ನೇತುಹಾಕು. ಗೋಣಿ ಹೊಲಿಯೋ ದಬ್ಬಳ ನನ್ನ ಹತ್ತಿರ ಎರಡಿವೆ, ನಾದಿನಿಯೂ ಬರ್ತೀನಿ ಅಂದಿದ್ದಾಳೆ. ಶನಿವಾರ ಮೊದಲ ಬಸ್ಸಿಗೆ ಇಬ್ಬರೂ ಬರ್ತೀವಿ, ಚೀಲ ಬಿಚ್ಚಿ ಒಗೆದು ಒಣಗಿಸಿಟ್ಟಿರು.